ಒಂದು ಗುರು, ಎರಡು ಲಘು

ಬಟನ್ ಒತ್ತಿದರೆ ಫ್ಯಾನು ತಿರುಗುತ್ತದೆ,
ಹಸಿರು ದೀಪ ಹತ್ತುತ್ತದೆ,
ಪರದೆ ಮಾತ್ರ ತೊಳೆದು ಬೋರಲಿಟ್ಟ ಹೆಂಚು.
ಒಳಗಿನಿಂದ ಒಂದು ಕೂಗು:
ಬೀ...ಪ್, ಬಿಪ್, ಬಿಪ್.
ತುಸು ನಿಂತು, ಮತ್ತೆ ಅದೇ.

ನಾಳೆ ಹತ್ತನೇ ತರಗತಿಗೆ ಪೂರ್ವಸಿದ್ಧತಾ ಪರೀಕ್ಷೆ.
ಪ್ರಶ್ನೆಪತ್ರಿಕೆ ಇದರ ಹೊಟ್ಟೆಯಲ್ಲಿದೆ,
ಪೆನ್ ಡ್ರೈವಿಗೆ ಹಾಕಿಕೊಂಡಿರಲಿಲ್ಲ.
ಹೆಡ್‌ಮಾಸ್ಟರಿಗೆ ಆಗಲೇ 'ರೆಡಿ ಸರ್' ಅಂದಾಗಿದೆ.

ಮೊದಲು ಬೈದೆ. ಆಮೇಲೆ ತಟ್ಟಿದೆ.
ಕೌಲ್‌ಬಜಾರಿನ ಮಾರ್ಚ್ ಸಂಜೆಯಲ್ಲಿ
ಯಾರಿಗೆ ತಾನೆ ಏಳುವ ಮನಸ್ಸು ಅಂತ
ಟೇಬಲ್ ಫ್ಯಾನನ್ನು ಅದರ ಕಡೆಗೇ ತಿರುಗಿಸಿ
ಹತ್ತು ನಿಮಿಷ ಸುಮ್ಮನೆ ಬಿಟ್ಟೆ.
ಎದ್ದ ಕೂಡಲೇ ಅದೇ ರಾಗ.

ಹೊನ್ನೂರ್‌ವಲಿಗೆ ಫೋನು ಹಚ್ಚಿದೆ.
ಮೋತಿ ಸರ್ಕಲ್ ಹತ್ತಿರ ರಿಪೇರಿ ಅಂಗಡಿ ಅವನದು,
ಈಗ ಅತ್ತೆಮನೆಗೆಂದು ಗುಂತಕಲ್ಲಿನ ರೈಲಿನಲ್ಲಿದ್ದಾನೆ.
"ಹೆಂಗ ಕೂಗ್ತೈತಿ ಮಿಸ್, ಎಣಿಸಿ ಹೇಳ್ರಿ."
ಒಂದು ಉದ್ದ, ಎರಡು ಗಿಡ್ಡ ಅನ್ನಬೇಕಿತ್ತು.
ಇಪ್ಪತ್ತೆರಡು ವರ್ಷ ಪ್ರಸ್ತಾರ ಹಾಕಿಸಿದ ಬಾಯಿ
"ಭಗಣ" ಅಂದುಬಿಟ್ಟಿತು.

— ∪ ∪
ಆಗದು, ಆಗದು, ಅನ್ನುತ್ತಿದೆಯಲ್ಲ ಅದು,
ಮಾತ್ರೆ ತಪ್ಪದೆ.

ಆ ಕಡೆ ಹಳಿಯ ಸದ್ದು, ಆಮೇಲೆ ನಗು.
"ಅದೇ ಪ್ರಶ್ನಿಗೆ ನನ್ನ ಮೂರು ಮಾರ್ಕ್ಸ್ ಹೋಗಿದ್ವು ಮಿಸ್.
ಡಿಸ್‌ಪ್ಲೇ ಕಾರ್ಡಿಂದು ಅದು. ಪ್ಲಗ್ ಕಿತ್ರಿ ಮೊದಲು.
ಕಬ್ಬಿಣದ ಬಾಡಿ ಒಮ್ಮಿ ಮುಟ್ರಿ, ಆಮ್ಯಾಲೆ ಕೈ ಹಾಕ್ರಿ.
ರಬ್ಬರು ಐತೇನ್ರಿ, ಪೆನ್ಸಿಲ್ ಅಳಸಾದು?"
ಕನ್ನಡ ಮಿಸ್ಸಿನ ಮನೆಯಲ್ಲಿ ರಬ್ಬರಿಗೇನು ಬರ.

ಸ್ಕ್ರೂಡ್ರೈವರ್ ಇರಲಿಲ್ಲ.
ನಾದಿನಿ ಹಂಪಮ್ಮ ಹೊಲಿಗೆ ಮಷೀನಿನ ಡಬ್ಬಿಯಿಂದ ತೆಗೆದು ಕೊಟ್ಟಳು
ಹಲ್ಲಲ್ಲಿ ದಾರ ಕಚ್ಚಿಕೊಂಡೇ.
ಪಕ್ಕದ ತಗಡು ಬಿಚ್ಚಿದರೆ
ನೀಲಿ.
ಪಡಸಾಲೆಯ ಮೂರು ಮಷೀನುಗಳು
ಆರು ವರ್ಷ ಉದುರಿಸಿದ ಜೀನ್ಸಿನ ಜುಂಗು
ಫ್ಯಾನಿನ ರೆಕ್ಕೆಗಳ ನಡುವೆ ಗೂಡು ಕಟ್ಟಿದೆ;
ಒಳಗೊಂದು ಮೊಟ್ಟೆ ಸಿಕ್ಕಿದ್ದರೂ ನಂಬುತ್ತಿದ್ದೆ.
ಅದರ ಮೇಲೆ ತೆಳ್ಳಗೆ ಅದಿರಿನ ಕೆಂಪು.
ಬಳ್ಳಾರಿಯಲ್ಲಿ ಅದನ್ನು ಧೂಳಿನ ಲೆಕ್ಕಕ್ಕೆ ಹಿಡಿಯುವುದಿಲ್ಲ.

"ನಿಂದೇ ಇದೆಲ್ಲ" ಅಂದೆ.
"ನಂದೇ" ಅಂದಳು. "ನನ್ನ ಎದಿಯೊಳಗೂ ಇಷ್ಟ ಇದ್ದೀತು.
ಅದಕ್ಯಾವ ರಬ್ಬರು, ಕೇಳು ನಿನ್ನ ಹುಡುಗನ್ನ."
ನಕ್ಕಳು. ನಗು ಕೆಮ್ಮಾಯಿತು.

ಕಾರ್ಡಿನ ಚಿನ್ನದ ಹಲ್ಲುಗಳನ್ನು
ಕಾಪಿಯಲ್ಲಿ ತಪ್ಪು ಅಳಿಸಿದ ಹಾಗೆ, ಹಾಳೆ ಹರಿಯದಂತೆ, ಉಜ್ಜಿದೆ.
ರಬ್ಬರು ಕಪ್ಪಾಯಿತು.
ಊದಿದೆ. ಕೂರಿಸಿ ಒತ್ತಿದೆ, ಟಕ್.
ಪ್ಲಗ್ಗು. ಬಟನ್ನು.

ಬಿಪ್.

ಒಂದೇ. ಗಿಡ್ಡದು.
'ಹೂಂ' ಅಂದಿದ್ದರೆ ಗುರುವಾಗುತ್ತಿತ್ತು,
ಇದು ಬರೀ 'ಹ'.
ಯಾವ ಗಣಕ್ಕೂ ಸಾಲದ ಒಂಟಿ ಲಘು.
ಯಾವ ಷಟ್ಪದಿ ಕೇಳಿಯೂ ನನಗೆ ಇಷ್ಟು ಖುಷಿಯಾಗಿರಲಿಲ್ಲ.

ಪರದೆ ಬೆಳಗಿ ತಾರೀಖು ತೋರಿಸಿತು:
ಎರಡು ಸಾವಿರದ ಒಂಬತ್ತು, ಜನವರಿ ಒಂದು.
ಅದರ ಲೆಕ್ಕದಲ್ಲಿ ಹೊನ್ನೂರ್‌ವಲಿ ಇನ್ನೂ ಮೂರನೇ ಬೆಂಚಿನಲ್ಲಿ
ಭಗಣವೋ ಯಗಣವೋ ತಿಳಿಯದೆ ಪೆನ್ನು ಕಚ್ಚುತ್ತಿದ್ದಾನೆ,
ನಮ್ಮ ಪಡಸಾಲೆಗೆ ಮಷೀನು ಬಂದಿಲ್ಲ.
"ಸೆಲ್ ಸತ್ತೈತಿ ಮಿಸ್, ಮೂವತ್ತು ರೂಪಾಯಿದು.
ಸದ್ಯಕ್ಕ ಎಫ್ ಒನ್ ಒತ್ರಿ, ಮುಂದಕ್ಕ ಹೋಗ್ತೈತಿ."

ಒತ್ತಿದೆ.
ಮೂವತ್ತೆಂಟು ಪ್ರಶ್ನೆಯೂ ಇದ್ದವು, ಒಂದಕ್ಷರ ಕೆಡದೆ.
ಪೆನ್ ಡ್ರೈವಿಗೆ ಎರಡು ಸಲ ಹಾಕಿಕೊಂಡೆ.

ಈಗ ಹನ್ನೊಂದು ಗಂಟೆ. ನಾನಿನ್ನೂ ಮಲಗಿಲ್ಲ.
ಹಂಪಮ್ಮ ನಲವತ್ತು ಪ್ಯಾಂಟಿನ ಆರ್ಡರಿಗೆ ಕೂತಿದ್ದಾಳೆ,
ಮಷೀನು ನಿಂತಾಗೊಮ್ಮೆ ಕೆಮ್ಮು.
ಉತ್ತರಪತ್ರಿಕೆಯ ಬೆನ್ನಿಗೆ ಹಾಕುತ್ತಾ ಹೋಗುತ್ತೇನೆ:
ಗೆರೆ, ಬಟ್ಟಲು, ಬಟ್ಟಲು, ಗೆರೆ, ಗೆರೆ...
ಯಾವ ಗಣಕ್ಕೂ ಹೊಂದುತ್ತಿಲ್ಲ.
ಬೆರಳ ತುದಿಯ ನೀಲಿ ಹಾಳೆಗೆ ಹತ್ತುತ್ತಿದೆ.